ತೋಳಿಗೆ ಸಾಲದ ಪಟ್ಟಿ

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಒಂದೂರಿನ ಮಠದ ಅಂಗಳದಲ್ಲಿ ಆರೋಗ್ಯ ತಪಾಸಣೆಯ ಶಿಬಿರ ನಡೆದಿತ್ತು. ಒಬ್ಬ ಹೆಂಗಸಿನ ತೋಳಿಗೆ ಸುತ್ತಿದ್ದ ಬಿ.ಪಿ. ಪಟ್ಟಿ ಪರ್ ಎಂದು ಬಿಚ್ಚಿಕೊಂಡಿತು. ಸಾಲಿನಲ್ಲಿ ಹತ್ತಿರ ನಿಂತಿದ್ದ ಇಪ್ಪತ್ತು ಮೂವತ್ತು ಜನ ನಕ್ಕರು. ಆದದ್ದು ಇಷ್ಟೇ. ಇಂದಿನ ಪ್ರವಚನದ ದೃಷ್ಟಾಂತ ಇದರ ಮೇಲೆ.

ನೋಡಿ, ದೃಷ್ಟಾಂತ ಎಂದರೆ ಅದರಲ್ಲಿ ಒಬ್ಬ ಶ್ರೀಮಂತ ಇರಬೇಕು ಎಂದು ನೀವು ಕಾಯುತ್ತಿದ್ದೀರಿ. ಇದ್ದ. ಆ ಊರಲ್ಲೂ ಒಬ್ಬ ಶ್ರೀಮಂತ ಇದ್ದ. ಎಣ್ಣೆ ಗಿರಣಿಯ ಸಾಹುಕಾರ, ಮಠದ ಟ್ರಸ್ಟಿನ ಅಧ್ಯಕ್ಷ. ಅವನ ತೂಕ ನೂರಾ ನಾಲ್ಕು ಕಿಲೋ. ಪಟ್ಟಿ ಬಿಚ್ಚಿಕೊಂಡ ಹೆಂಗಸಿನ ತೂಕ ತೊಂಬತ್ತೆಂಟು. ಅಂದರೆ ಆಕೆಗಿಂತ ಅವನೇ ಆರು ಕಿಲೋ ಜಾಸ್ತಿ. ಈ ಲೆಕ್ಕ ನೆನಪಿಟ್ಟುಕೊಳ್ಳಿ. ಅವನು ಓಣಿಯಲ್ಲಿ ನಡೆದು ಬಂದರೆ ಜನ ಎದ್ದು ನಿಂತು, ಏನು ಮೈಕಟ್ಟು, ಮುಖದ ಮೇಲೆ ಏನು ಕಳೆ ಎನ್ನುತ್ತಿದ್ದರು. ಆಕೆ ನಡೆದು ಬಂದರೆ ಬೊಜ್ಜು ಎನ್ನುತ್ತಿದ್ದರು. ಅದೇ ಕೊಬ್ಬು, ಅದೇ ಚರ್ಮ. ಒಂದಕ್ಕೆ ಕಳೆ ಎಂಬ ಹೆಸರು, ಇನ್ನೊಂದಕ್ಕೆ ಬೊಜ್ಜು ಎಂಬ ಹೆಸರು. ಹೆಸರಿಟ್ಟವರು ಯಾರು? ತಕ್ಕಡಿಯಂತೂ ಅಲ್ಲ.

ನನ್ನ ಕಥೆಗಳಲ್ಲಿ ಯಾರಿಗೂ ಹೆಸರಿರುವುದಿಲ್ಲ, ನಿಮಗೆ ಗೊತ್ತು. ಸಾಹುಕಾರ ಸಾಹುಕಾರನೇ, ಡಾಕ್ಟರು ಡಾಕ್ಟರೇ. ಆದರೆ ಈ ಹೆಂಗಸಿಗೆ ಮಾತ್ರ ಹೆಸರು ಹೇಳುತ್ತೇನೆ, ಏಕೆಂದರೆ ಆಕೆಯ ಊರು ಅದನ್ನು ಹೇಳುತ್ತಿರಲಿಲ್ಲ. ಆಕೆಯ ಹೆಸರು ಮುರಿಗೆವ್ವ. ಊರು ಕರೆಯುತ್ತಿದ್ದದ್ದು ದಪ್ಪವ್ವ ಎಂದು. ಪ್ರೀತಿಯಿಂದಲೇ ಕರೆಯುತ್ತಿದ್ದರಂತೆ. ಇರಲಿ. ಪ್ರೀತಿಯಿಂದ ಕರೆದವರಲ್ಲಿ ಒಬ್ಬರಾದರೂ ಆಕೆಯನ್ನು ಕೇಳಿದ್ದರೇ?

ಮುರಿಗೆವ್ವನಿಗೆ ನಲವತ್ತೊಂದು ವಯಸ್ಸು. ಮಠದ ಉಚಿತ ಹಾಸ್ಟೆಲಿನಲ್ಲಿ ಹದಿನಾರು ವರ್ಷದಿಂದ ಅಡುಗೆ. ಹಿಂದೆ ಮುಂದೆ ಯಾರೂ ಇಲ್ಲ. ಅಡುಗೆಮನೆಯ ಹಿಂದಿನ ಒಂದು ಕೋಣೆಯೇ ಆಕೆಯ ಮನೆ. ಬೆಳಗಿನ ನಾಲ್ಕೂವರೆಗೆ ಒಲೆ ಹೊತ್ತಿಸುವುದು, ನಲವತ್ತು ಲೀಟರಿನ ಸಾರಿನ ಪಾತ್ರೆಯನ್ನು ಇನ್ನೊಬ್ಬಳ ಜೊತೆ ಹಿಡಿದು ಇಳಿಸುವುದು, ನೂರೆಪ್ಪತ್ತು ಹುಡುಗರಿಗೆ ಉಪ್ಪಿಟ್ಟು ಕೆದಕುವುದು. ಕೆದಕಲು ತೋಳು ಬೇಕು. ಆಕೆಗೆ ತೋಳಿತ್ತು.

ಈಗ ಒಂದು ಸೂಕ್ಷ್ಮ ಹೇಳುತ್ತೇನೆ, ಗಮನ ಕೊಡಿ. ಅಡುಗೆಮನೆಯಲ್ಲಿದ್ದಾಗ ತನಗೆ ಮೈ ಇದೆ ಎಂಬುದೇ ಮುರಿಗೆವ್ವನ ನೆನಪಿಗೆ ಬರುತ್ತಿರಲಿಲ್ಲ. ಕೈ ಹೋಗಬೇಕಾದ ಕಡೆ ಹೋಗುತ್ತಿತ್ತು, ಕಾಲು ನಿಲ್ಲಬೇಕಾದ ಕಡೆ ನಿಲ್ಲುತ್ತಿತ್ತು, ಕಣ್ಣು ಉರಿಯ ಮೇಲಿರುತ್ತಿತ್ತು. ಅದೇ ಹೆಂಗಸು ಬಾಗಿಲು ದಾಟಿ ಓಣಿಗೆ ಕಾಲಿಟ್ಟರೆ ಮೈ ಬಿಟ್ಟು ಬೇರೇನೂ ಉಳಿಯುತ್ತಿರಲಿಲ್ಲ. ಟಂಟಂ ಗಾಡಿಯವನು ಎರಡು ಸೀಟಿನ ದುಡ್ಡು ಕೇಳುತ್ತಿದ್ದ. ಟೇಲರು ಅಳತೆ ತೆಗೆಯುವಾಗ ಟೇಪು ಸಾಲಲಿಲ್ಲವೆಂಬಂತೆ ನಾಟಕವಾಡುತ್ತಿದ್ದ. ಯಾವ ಮನೆಯಲ್ಲಿ ಕೈಯಿರುವ ಕುರ್ಚಿ, ಯಾವ ಮನೆಯಲ್ಲಿ ಬೆಂಚು ಎಂಬುದು ಆಕೆಗೆ ಬಾಯಿಪಾಠ. ಕೈಯಿರುವ ಕುರ್ಚಿಯ ಮನೆಗೆ ಹೋದರೆ, ಕುಂತು ಕುಂತು ಸಾಕಾಗೇತ್ರಿ, ನಿಂತಿರತೀನಿ ಎಂದು ನಿಂತೇ ಮಾತಾಡಿ ಬರುತ್ತಿದ್ದಳು. ಪಂಕ್ತಿಯಲ್ಲಿ ಕುಳಿತರೆ ಎಲ್ಲರಿಗಿಂತ ಮೊದಲು ಎಲೆ ಮಡಚುತ್ತಿದ್ದಳು, ಆಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ಅರ್ಧ ರೊಟ್ಟಿ ತಿನ್ನುತ್ತಿದ್ದಳು. ಒಬ್ಬಳೇ ತಿನ್ನುವುದನ್ನು ಯಾರೋ ಕಂಡರು. ಕದ್ದು ತಿನ್ನುತ್ತಾಳೆ ಎಂದು ಸುದ್ದಿಯಾಯಿತು. ಎಲ್ಲರ ಎದುರು ತಿಂದಿದ್ದರೆ? ನೋಡ್ರೀ ಹೆಂಗ ತಿಂತಾಳ ಎನ್ನುತ್ತಿದ್ದರು. ಈಗ ನೀವೇ ಹೇಳಿ, ಆಕೆ ಎಲ್ಲಿ ತಿನ್ನಬೇಕಿತ್ತು?

ಅಷ್ಟಕ್ಕೂ ಮುರಿಗೆವ್ವ ಏಕೆ ದಪ್ಪ? ನನಗೆ ಗೊತ್ತಿಲ್ಲ. ಆಕೆಯ ತಾಯಿಯೂ ದಪ್ಪ ಇದ್ದಳಂತೆ, ಸೋದರತ್ತೆಯೂ ಇದ್ದಳಂತೆ. ಡಾಕ್ಟರಿಗೂ ಖಚಿತವಾಗಿ ಗೊತ್ತಿರಲಿಲ್ಲ. ಊರಿಗೆ ಮಾತ್ರ ಖಚಿತವಾಗಿ ಗೊತ್ತಿತ್ತು.

ಇನ್ನು ಶಿಬಿರಕ್ಕೆ ಬರೋಣ. ಪಕ್ಕದ ಊರಿನ ಒಂದು ಹಾಸ್ಟೆಲಿನಲ್ಲಿ ಅಡುಗೆಯವನೊಬ್ಬ ಒಲೆಯ ಮುಂದೆ ಕುಸಿದು ಬಿದ್ದಿದ್ದ. ಆ ಸುದ್ದಿ ಕೇಳಿ ಟ್ರಸ್ಟು ಒಂದು ನಿಯಮ ಮಾಡಿತು. ಅಡುಗೆಮನೆಯಲ್ಲಿ ಕೆಲಸ ಮಾಡುವವರೆಲ್ಲ ಶಿಬಿರದಲ್ಲಿ ತೋರಿಸಿಕೊಳ್ಳಬೇಕು, ಬಿ.ಪಿ.ಯ ಮೇಲಿನ ಸಂಖ್ಯೆ ನೂರೈವತ್ತು ದಾಟಿದರೆ ಒಂದು ತಿಂಗಳ ಗಡುವು, ಅಷ್ಟರಲ್ಲಿ ಇಳಿಯದಿದ್ದರೆ ಕೆಲಸವಿಲ್ಲ, ಕೋಣೆಯೂ ಇಲ್ಲ. ನಿಯಮ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಕುದಿಯುವ ಪಾತ್ರೆಯ ಮುಂದೆ ನಿಲ್ಲುವವರ ಆರೋಗ್ಯ ನೋಡುವುದು ಒಳ್ಳೆಯದೇ. ನಿಯಮ ಸರಿಯಿತ್ತು. ಅಳತೆ ಸರಿಯಿರಲಿಲ್ಲ.

ತೂಕದ ಯಂತ್ರದ ಹತ್ತಿರ ಒಬ್ಬ ನಿಂತಿದ್ದ. ತೂಕವನ್ನು ಕೂಗಿ ಹೇಳುವುದು, ಆ ಕಡೆಯ ಮೇಜಿನವನು ಬರೆದುಕೊಳ್ಳುವುದು. ಮುರಿಗೆವ್ವ ಹತ್ತಿದಾಗ ಅವನು ತೊಂಬತ್ತೆಂಟು ಎಂದು ಕೂಗಿದ. ಬರೆಯುವವನು ತಲೆಯೆತ್ತಿ ಇನ್ನೊಮ್ಮೆ ಕೇಳಿದ. ಇನ್ನೊಮ್ಮೆ ಕೂಗಿದ. ಅಲ್ಲಿಂದ ಏಳು ಮೆಟ್ಟಿಲು ಹತ್ತಿ ಜಗುಲಿಗೆ ಬಂದರೆ ಬಿ.ಪಿ. ನೋಡುವ ಕಾಂಪೌಂಡರು. ಪಟ್ಟಿ ಸುತ್ತಿದ, ಅಂಟಿಸಿದ, ಗಾಳಿ ಹಾಕಿದ. ಬಿಚ್ಚಿಕೊಂಡಿತು. ಎರಡನೆಯ ಸಲವೂ ಬಿಚ್ಚಿಕೊಂಡಿತು. ಸಾಲಿನಲ್ಲಿದ್ದ ಒಬ್ಬ ಮುದುಕಿ, ಪಟ್ಟಿ ಹೋಗ್ಲಿ ಬಿಡಪ್ಪಾ, ಹಾಸಿಗಿ ಚಾದರ ತಂದು ಸುತ್ತು ಎಂದಳು. ಜನ ನಕ್ಕರು. ಅವರಿಗಿಂತ ಮೊದಲು ಮುರಿಗೆವ್ವನೇ ನಕ್ಕಿದ್ದಳು. ನಗುವವರಿಗಿಂತ ಮೊದಲು ತಾನೇ ನಕ್ಕುಬಿಟ್ಟರೆ ಅವರ ನಗು ಅರ್ಧ ಇಳಿಯುತ್ತದೆ ಎಂಬುದನ್ನು ಆಕೆ ಎಂಟನೆಯ ವಯಸ್ಸಿನಲ್ಲೇ ಕಲಿತಿದ್ದಳು. ಅದೊಂದು ವಿದ್ಯೆ. ಅದನ್ನು ಕಲಿಸಿದವರು ನಾವು.

ಮೂರನೆಯ ಸಲ ಕಾಂಪೌಂಡರು ಒಂದು ಉಪಾಯ ಮಾಡಿದ. ಶಿಬಿರದ ಬ್ಯಾನರು ಕಟ್ಟಿ ಉಳಿದಿದ್ದ ಲಾಡಿಯನ್ನು ತಂದು ಪಟ್ಟಿಯ ಮೇಲೆ ಬಿಗಿದು ಕಟ್ಟಿದ. ಗಾಳಿ ಹಾಕಿದ. ಆಕೆಯ ಬೆರಳು ನೀಲಿಗಟ್ಟಿದವು. ಮೇಲಿನದು ನೂರಾ ಅರವತ್ತೆಂಟು, ಕೆಳಗಿನದು ನೂರಾ ನಾಲ್ಕು. ಅದನ್ನೂ ಕೂಗಿ ಬರೆಸಿದ. ಡಾಕ್ಟರು ಚೀಟಿ ನೋಡಿ, ಆಕೆಯನ್ನೂ ಒಮ್ಮೆ ಮೇಲಿನಿಂದ ಕೆಳಗೆ ನೋಡಿ, ಒಂದು ಮಾತ್ರೆ ಬರೆದು, ಊಟ ಕಡಿಮೆ ಮಾಡಬೇಕವ್ವಾ ಎಂದರು. ಏನು ಊಟ ಮಾಡುತ್ತೀ ಎಂದು ಕೇಳಲಿಲ್ಲ. ಕೇಳದೆಯೇ ಕಡಿಮೆ ಮಾಡು ಎಂದರು.

ಅದೇ ದಿನ ಹನ್ನೊಂದೂವರೆಗೆ ಮುರಿಗೆವ್ವ ಮಜ್ಜಿಗೆ ತೆಗೆದುಕೊಂಡು ಮಠದ ಒಳಕೋಣೆಗೆ ಹೋದಳು. ಸಾಹುಕಾರ ಗಾದಿಯ ಮೇಲೆ ಕುಳಿತಿದ್ದ. ಡಾಕ್ಟರು ಅವನ ಮನೆಯ ಡಾಕ್ಟರೂ ಹೌದು. ತಾವೇ ಕೈಚೀಲದಿಂದ ಒಂದು ಪಟ್ಟಿ ತೆಗೆದು ಸುತ್ತುತ್ತಿದ್ದರು. ಅದು ಅಗಲದ ಪಟ್ಟಿ. ಹೊರಗಿನದರ ಒಂದೂವರೆಯಷ್ಟು ದೊಡ್ಡದು. ಸಾಹುಕಾರನ ತೋಳಿಗೆ ಅದು ಮೆತ್ತಗೆ ಕುಳಿತಿತು. ಐದು ನಿಮಿಷ ಮಾತಾಡಬೇಡಿ ಎಂದು ಹೇಳಿ ಡಾಕ್ಟರು ಕಾದರು. ಸಂಖ್ಯೆಯನ್ನು ಕೂಗಲಿಲ್ಲ, ಚೀಟಿಯಲ್ಲಿ ಬರೆದು ಮಡಚಿ ಕೊಟ್ಟರು. ಮುರಿಗೆವ್ವ ಮಜ್ಜಿಗೆ ಇಟ್ಟು ಬಂದಳು. ಪಟ್ಟಿ ನೋಡಿದಳಲ್ಲ, ಏನೆಂದುಕೊಂಡಳು? ಸಾಹುಕಾರರಿಗೆ ಬೇರೆ ಗಾದಿ, ಬೇರೆ ಲೋಟ. ಹಾಗೆಯೇ ಬೇರೆ ಪಟ್ಟಿ ಎಂದುಕೊಂಡಳು. ತನ್ನ ತೋಳೂ ಅಷ್ಟೇ ದಪ್ಪ ಎಂಬುದು ಆಕೆಗೆ ಹೊಳೆಯಲೇ ಇಲ್ಲ. ಹೊಳೆಯುವುದಾದರೂ ಹೇಗೆ? ನಲವತ್ತು ವರ್ಷ ನಿನ್ನದೇ ತಪ್ಪು ಎಂದು ಕೇಳಿದವರಿಗೆ ಪಟ್ಟಿಯದು ತಪ್ಪು ಎಂದು ಹೊಳೆಯುವುದಿಲ್ಲ.

ಹದಿನೈದು ದಿನಕ್ಕೆ ಮತ್ತೆ ನೋಡಿದರು. ಅದೇ ಕಾಂಪೌಂಡರು, ಅದೇ ಪಟ್ಟಿ, ಅದೇ ಲಾಡಿ. ನೂರಾ ಐವತ್ತೆಂಟು. ಮಾತ್ರೆ ಎರಡಾಯಿತು. ಅಷ್ಟರಲ್ಲಿ ಅಡುಗೆಮನೆಯ ಉಳಿದ ಹೆಂಗಸರು ಆಕೆಯ ತಟ್ಟೆ ನೋಡಲು ಶುರುಮಾಡಿದ್ದರು. ಕೆಟ್ಟ ಮನಸ್ಸಿನಿಂದಲ್ಲ, ಆಕೆಯ ಕೆಲಸ ಉಳಿಯಲಿ ಎಂದೇ. ಮುರಿಗೆವ್ವ ಅರ್ಧ ರೊಟ್ಟಿಯನ್ನೂ ಬಿಟ್ಟಳು. ಎದ್ದರೆ ಕಣ್ಣು ಕತ್ತಲೆ, ಬಗ್ಗಿದರೆ ನೆಲ ತಿರುಗುತ್ತಿತ್ತು. ಹಾಸ್ಟೆಲಿನ ಮ್ಯಾನೇಜರಿಗೆ ಒಮ್ಮೆ ಹೇಳಿದಳು. ಮೈ ಇಳಿಸು, ಎಲ್ಲ ಸರಿಹೋಗುತ್ತದೆ ಎಂಬ ಉತ್ತರ ಬಂತು. ಹಲ್ಲುನೋವು ಎಂದಿದ್ದರೂ ಅದೇ ಉತ್ತರ ಬರುತ್ತಿತ್ತು. ನೋಡಿ, ಇದು ನಗುವ ಮಾತಲ್ಲ. ಆಕೆ ಐದು ವರ್ಷದ ಹಿಂದೆ ಮೊಣಕಾಲು ನೋವೆಂದು ಡಾಕ್ಟರ ಬಳಿ ಹೋದಾಗಲೂ ಅದೇ ಉತ್ತರ, ಕಿವಿ ಸೋರುತ್ತದೆ ಎಂದು ಹೋದಾಗಲೂ ಅದೇ ಉತ್ತರ. ಮೊಣಕಾಲಿಗೆ ಆ ಉತ್ತರ ಒಪ್ಪಬಹುದು. ಕಿವಿಗೆ?

ಶಿಬಿರ ನಡೆದ ಇಪ್ಪತ್ತೆರಡನೆಯ ದಿನ, ಬೆಳಗಿನ ಐದೂ ನಲವತ್ತಕ್ಕೆ, ಮಣೆಯಿಂದ ಎದ್ದವಳು ಹಾಗೇ ಬಿದ್ದಳು. ಬೀಳುವಾಗ ಕೈ ಸಾರಿನ ಪಾತ್ರೆಯ ಅಂಚಿಗೆ ತಗುಲಿ, ಕುದಿಯುವ ಸಾರು ಮೇಲೆ ಚೆಲ್ಲಿತು. ಎಡಗೈ ಮೊಣಕೈವರೆಗೆ ಸುಟ್ಟಿತು. ಹುಡುಗರು ಇನ್ನೂ ಎದ್ದಿರಲಿಲ್ಲ, ಬೇರೆ ಯಾರಿಗೂ ಏನೂ ಆಗಲಿಲ್ಲ. ಏಳು ಗಂಟೆಯೊಳಗೆ ಊರೆಲ್ಲ ಕಾರಣ ಹೇಳಿ ಮುಗಿಸಿತ್ತು. ದಪ್ಪವ್ವ ಬಿದ್ದಳು, ಇನ್ನೇನಾಗತೈತಿ, ಆ ಮೈ ಹೊತ್ತುಕೊಂಡು ಎಷ್ಟು ದಿನ ನಿಂತಾಳು.

ತಾಲೂಕು ಆಸ್ಪತ್ರೆಯಲ್ಲಿ ಒಬ್ಬ ನರ್ಸಮ್ಮ ಇದ್ದಳು. ಸುಟ್ಟ ಕೈಗೆ ಮುಲಾಮು ಹಚ್ಚಿ, ಬಲತೋಳಿಗೆ ಬಿ.ಪಿ. ಪಟ್ಟಿ ಸುತ್ತಿದಳು. ಅಂಟಲಿಲ್ಲ. ಆಕೆ ಲಾಡಿ ಹುಡುಕಲಿಲ್ಲ. ಕಪಾಟು ತೆರೆದು, ಬೇರೆ ಪಟ್ಟಿ ತಂದಳು. ಅಗಲದ್ದು. ಅದನ್ನು ಕಂಡ ಮುರಿಗೆವ್ವ ಕೈ ಹಿಂದಕ್ಕೆ ಎಳೆದುಕೊಂಡಳು.

“ಅದು ಸಾಹುಕಾರ್ರ ಪಟ್ಟಿ ಅಲ್ಲೇನ್ರಿ, ಸಿಸ್ಟರ?”

ಯಾವ ಸಾಹುಕಾರರು ಎಂದು ನರ್ಸಮ್ಮನಿಗೆ ಅರ್ಥವಾಗಲಿಲ್ಲ. ಮುರಿಗೆವ್ವ ಮಜ್ಜಿಗೆಯ ದಿನ ಕಂಡದ್ದನ್ನು ಹೇಳಿದಳು, ಲಾಡಿಯ ಕಥೆಯನ್ನೂ ಹೇಳಿದಳು. ನರ್ಸಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಟೇಪು ತೆಗೆದು ತೋಳಿನ ಸುತ್ತಳತೆ ನೋಡಿದಳು. ಮೂವತ್ತೊಂಬತ್ತು ಸೆಂಟಿಮೀಟರು.

“ನಿಮಗ ಅಲ್ಲಿ ಸುತ್ತಿದ್ದು ಮೂವತ್ತೆರಡರ ಒಳಗಿನ ತೋಳಿನ ಪಟ್ಟಿ ಯವ್ವಾ. ಸಣ್ಣ ಪಟ್ಟಿ ದೊಡ್ಡ ತೋಳಿಗೆ ಕಟ್ಟಿದರ ಅದು ಸುಳ್ಳ ಹೇಳತೈತಿ. ಇದ್ದದ್ದಕ್ಕಿಂತ ಜಾಸ್ತಿ ತೋರಸ್ತೈತಿ. ಇದು ಯಾವ ಸಾಹುಕಾರಂದೂ ಅಲ್ಲ. ಇದು ನಿಮ್ಮ ಅಳತಿದು.”

ಐದು ನಿಮಿಷ ಕೂರಿಸಿ, ಕೈಯನ್ನು ಮೇಜಿನ ಮೇಲಿಡಿಸಿ ನೋಡಿದಳು. ತೊಂಬತ್ನಾಲ್ಕು, ಅರವತ್ತು. ಅಂದರೆ ಇರಬೇಕಾದದ್ದಕ್ಕಿಂತ ಕಡಿಮೆ. ಇಲ್ಲದ ರೋಗಕ್ಕೆ ಎರಡು ಮಾತ್ರೆ, ಮೇಲೆ ಖಾಲಿ ಹೊಟ್ಟೆ. ಬೀಳದೆ ಏನು ಮಾಡಿಯಾಳು? ಆಸ್ಪತ್ರೆಯ ವೈದ್ಯೆ ಮಾತ್ರೆ ನಿಲ್ಲಿಸಿ, ಊಟ ಮಾಡಲು ಹೇಳಿ ಕಳಿಸಿದರು. ಹತ್ತು ದಿನದಲ್ಲಿ ಮೂರು ಸಲ ನೋಡಿದರು. ಮೂರು ಸಲವೂ ನೂರಾ ಮೂವತ್ತರ ಆಸುಪಾಸು. ಹಾಗೆಂದು ಒಂದು ಪತ್ರ ಬರೆದುಕೊಟ್ಟರು.

ನಾನು ಅತಿಶಯ ಹೇಳಬಾರದು, ಅದಕ್ಕೆ ಇದನ್ನೂ ಹೇಳುತ್ತೇನೆ. ಶಿಬಿರದ ಆ ಹೆಚ್ಚುವರಿಯೆಲ್ಲ ಪಟ್ಟಿಯೊಂದರದೇ ಅಲ್ಲ. ಆಕೆ ಮೆಟ್ಟಿಲು ಹತ್ತಿ ಬಂದಿದ್ದಳು. ಸುತ್ತ ಜನ ನಗುತ್ತಿದ್ದರು. ಅವಮಾನವಾದಾಗ ರಕ್ತದ ಒತ್ತಡ ಏರುತ್ತದೆ, ಅದನ್ನು ಯಾರು ಬೇಕಾದರೂ ಅಳೆದು ನೋಡಬಹುದು. ಅಂದರೆ ಯಂತ್ರ ತೋರಿಸಿದ ಹೆಚ್ಚುವರಿಯಲ್ಲಿ ಸ್ವಲ್ಪ ಮೆಟ್ಟಿಲಿನದು, ಬಹುಪಾಲು ಪಟ್ಟಿಯದು, ಇನ್ನು ಸ್ವಲ್ಪ ಆ ಸಾಲಿನಲ್ಲಿ ನಿಂತು ನಕ್ಕವರದು. ಬರೆದದ್ದು ಮಾತ್ರ ಆಕೆಯೊಬ್ಬಳ ಹೆಸರಿನ ಮುಂದೆ. ತೂಕಕ್ಕೂ ಕಾಯಿಲೆಗೂ ಸಂಬಂಧವೇ ಇಲ್ಲ ಎಂದೂ ನಾನು ಹೇಳುತ್ತಿಲ್ಲ. ಇದೆ. ಸಂಬಂಧ ಇದೆಯೋ ಇಲ್ಲವೋ ಎಂದು ನೋಡಬೇಕಾದರೆ ಮೊದಲು ಸರಿಯಾಗಿ ಅಳೆಯಬೇಕು ಎನ್ನುತ್ತಿದ್ದೇನೆ.

ಪತ್ರ ಹಿಡಿದು ಮುರಿಗೆವ್ವ ಮ್ಯಾನೇಜರ ಬಳಿ ಹೋದಳು. ಮ್ಯಾನೇಜರು ಓದಿದ. ಟ್ರಸ್ಟಿನ ನಿಯಮದಲ್ಲಿ ಶಿಬಿರದ ಡಾಕ್ಟರ ಸಹಿ ಎಂದಿದೆ, ಇದರಲ್ಲಿ ಬೇರೆಯವರ ಸಹಿ ಇದೆ ಎಂದ. ಅಲ್ಲದೆ ನೋಟಿಸು ತಯಾರಾಗಿತ್ತು. ತಿಂಗಳ ಕೊನೆಗೆ ಕೆಲಸ ಮುಕ್ತಾಯ, ಕೋಣೆ ಖಾಲಿ. ಬೇಕಾದರೆ ಭಾನುವಾರ ಟ್ರಸ್ಟಿನ ಸಭೆಯಲ್ಲಿ ಹೇಳಿಕೋ ಎಂದ. ಆಕೆ ಕೋಣೆಗೆ ಬಂದು ತನ್ನ ಸಾಮಾನು ನೋಡಿದಳು. ಒಂದು ಟ್ರಂಕು, ಒಂದು ಚಾಪೆ, ಗೋಡೆಗೆ ಎರಡು ಫೋಟೊ. ಕಟ್ಟಲು ಅರ್ಧ ಗಂಟೆಯೂ ಬೇಡ. ಆದರೆ ಎಲ್ಲಿಗೆ ಒಯ್ಯುವುದು? ತಾನು ಮೈ ಮರೆತು ಇರಬಹುದಾದ ಇನ್ನೊಂದು ಜಾಗ ಆಕೆಗೆ ಗೊತ್ತಿರಲಿಲ್ಲ.

ಭಾನುವಾರ ಹನ್ನೊಂದು ಗಂಟೆ. ಟ್ರಸ್ಟಿನವರು ಏಳು ಜನ, ನಡುವೆ ಸಾಹುಕಾರ. ಡಾಕ್ಟರನ್ನೂ ಕಾಂಪೌಂಡರನ್ನೂ ಕರೆಸಿದ್ದರು. ಕುರ್ಚಿಗಳೆಲ್ಲ ಕೈಯಿರುವವು, ಇದ್ದೊಂದು ಬೆಂಚು ಸಾಹುಕಾರನ ಪಕ್ಕದಲ್ಲಿತ್ತು, ಮುರಿಗೆವ್ವ ನಿಂತೇ ಇದ್ದಳು. ಪತ್ರ ಏಳು ಕೈ ದಾಟಿತು. ಆಸ್ಪತ್ರೆಯ ಯಂತ್ರ ಕೆಟ್ಟಿರಬಹುದು ಎಂದರು ಒಬ್ಬರು. ಪಟ್ಟಿಯಿಂದ ಅಷ್ಟೆಲ್ಲ ವ್ಯತ್ಯಾಸ ಬರುತ್ತದೆಯೇ ಎಂದರು ಇನ್ನೊಬ್ಬರು. ಡಾಕ್ಟರು ಶಿಬಿರದಲ್ಲಿ ಇನ್ನೂರು ಜನರ ಸಾಲಿತ್ತು ಎಂದಷ್ಟೇ ಹೇಳಿದರು. ಅದು ಸುಳ್ಳೂ ಆಗಿರಲಿಲ್ಲ. ಮೂರನೆಯವರು ಕನಿಕರದಿಂದ, ನಿನ್ನ ಒಳ್ಳೇದಕ್ಕ ಹೇಳೂದು ದಪ್ಪವ್ವಾ, ಮನೀಗೆ ಹೋಗಿ ಆರಾಮ ಇರು ಎಂದರು. ಯಾವ ಮನೆಗೆ ಎಂದು ಅವರು ಯೋಚಿಸಿರಲಿಲ್ಲ.

ಮುರಿಗೆವ್ವ ವಾದ ಮಾಡಲು ಬಂದವಳಲ್ಲ. ಆಕೆಗೆ ಗೊತ್ತಿದ್ದದ್ದು ಅಡುಗೆಯ ನ್ಯಾಯ. ಉಪ್ಪು ಹೆಚ್ಚೋ ಕಡಿಮೆಯೋ ಎಂದು ಜಗಳವಾದರೆ ಅಡುಗೆಯವರು ಮಾತಾಡುವುದಿಲ್ಲ, ಒಂದು ಸೌಟು ಕೈಗೆ ಹಾಕುತ್ತಾರೆ.

“ಹಂಗಾರ ಒಂದು ಮಾಡೂಣ್ರಿ,” ಎಂದಳು. “ಸಾಹುಕಾರ್ರ ಪಟ್ಟಿಲೆ ನಂದು ನೋಡ್ರಿ. ನನ್ನ ಪಟ್ಟಿಲೆ ಸಾಹುಕಾರ್ರದು ನೋಡ್ರಿ.”

ಬೇಡ ಎನ್ನಬಹುದಿತ್ತು, ಸಾಹುಕಾರ ಅನ್ನಲಿಲ್ಲ. ಅವನಿಗೆ ತನ್ನ ಆರೋಗ್ಯದ ಮೇಲೆ ನಂಬಿಕೆಯಿತ್ತು. ಆಗಲಿ ಎಂದು ಅಂಗಿಯ ತೋಳು ಮೇಲೇರಿಸಿದ. ಕಾಂಪೌಂಡರು ಸಣ್ಣ ಪಟ್ಟಿ ಸುತ್ತಿದ. ಪರ್ ಎಂದಿತು. ಟ್ರಸ್ಟಿನವರಲ್ಲಿ ಒಬ್ಬರಿಗೆ ನಗು ತಡೆಯಲಿಲ್ಲ, ಕೆಮ್ಮಿದರು. ಇನ್ನೊಮ್ಮೆ ಸುತ್ತಿದ, ಇನ್ನೊಮ್ಮೆ ಬಿಚ್ಚಿತು. ಕಾಂಪೌಂಡರು ಡಾಕ್ಟರ ಮುಖ ನೋಡಿದ. ಡಾಕ್ಟರು ನೆಲ ನೋಡಿದರು. ಲಾಡಿ ಅಲ್ಲೇ ಚೀಲದಲ್ಲಿತ್ತು. ಬಿಗಿದು ಕಟ್ಟಿದ.

ಮೇಲಿನದು ನೂರಾ ಎಪ್ಪತ್ತೆರಡು, ಕೆಳಗಿನದು ನೂರಾ ಆರು. ಟ್ರಸ್ಟಿನ ನಿಯಮದ ಪ್ರಕಾರ ಅಧ್ಯಕ್ಷನೂ ಅಡುಗೆಮನೆಗೆ ಅನರ್ಹ.

ಈಗ ನೀವು ನಗುತ್ತಿದ್ದೀರಿ. ಸಾಹುಕಾರ ಸಿಕ್ಕಿಬಿದ್ದ ಎಂದು ನಗುತ್ತಿದ್ದೀರಿ. ಮುರಿಗೆವ್ವ ಏನು ಮಾಡಿದಳು ಎಂದು ಕೇಳಿ. ಆಕೆ ಸಾಹುಕಾರನ ಇನ್ನೊಂದು ಕೈಯನ್ನು ನೋಡುತ್ತಿದ್ದಳು. ಕಟ್ಟದೆ ಬಿಟ್ಟಿದ್ದ ಆ ಕೈ ಹೆಗಲ ಮೇಲಿನ ಶಾಲನ್ನು ಮೆಲ್ಲಗೆ ಎಳೆದು ಹೊಟ್ಟೆಯ ಮೇಲೆ ಹರಡಿಕೊಳ್ಳುತ್ತಿತ್ತು. ಯಾರೂ ಗಮನಿಸಬಾರದು ಎಂಬಂತೆ, ಶಾಲು ತಾನಾಗಿಯೇ ಜಾರಿತು ಎಂಬಂತೆ. ಆ ಕೈಯ ಕೆಲಸ ಆಕೆಗೆ ಚೆನ್ನಾಗಿ ಗೊತ್ತಿತ್ತು. ಆಕೆಯೂ ದಿನಕ್ಕೆ ನೂರು ಸಲ ಸೆರಗನ್ನು ಹಾಗೆಯೇ ಎಳೆದುಕೊಳ್ಳುತ್ತಿದ್ದಳು. ಊರೆಲ್ಲ ಮೈಕಟ್ಟು, ಕಳೆ ಎಂದು ಹೊಗಳುತ್ತಿದ್ದ ಮನುಷ್ಯನಿಗೂ ಆ ಅಭ್ಯಾಸವಿತ್ತು. ಎಂದಿನಿಂದಲೋ, ಯಾರ ನಗುವಿನಿಂದಲೋ. ಎದುರಿಗೆ ಹೊಗಳುವ ಜನ ಬೆನ್ನ ಹಿಂದೆ ಏನು ಅನ್ನುತ್ತಾರೆ ಎಂಬುದು ಅವನಿಗೂ ತಿಳಿದೇ ಇತ್ತು.

“ಬಿಚ್ಚರಿ ಸಾಕು,” ಎಂದು ಮುರಿಗೆವ್ವ ಕಾಂಪೌಂಡರಿಗೆ ಹೇಳಿದಳು. “ಭಾಳ ಬಿಗಿತೈತಿ ಅದು. ಬೆರಳು ಜೋಮು ಹಿಡಿತಾವು.”

ಲಾಡಿ ಬಿಚ್ಚಿದರು. ಸಾಹುಕಾರ ತೋಳು ತಿಕ್ಕಿಕೊಂಡ. ಎದ್ದು ತನ್ನ ಪಕ್ಕಕ್ಕಿದ್ದ ಬೆಂಚನ್ನು ಕಾಲಿನಿಂದ ಮುಂದಕ್ಕೆ ಸರಿಸಿ, ಕೂಡು ಎಂದ. ಆಕೆ ಕುಳಿತಳು. ಡಾಕ್ಟರು ಅಗಲದ ಪಟ್ಟಿಯನ್ನು ತಾವೇ ಸುತ್ತಿದರು. ಐದು ನಿಮಿಷ ಕಾದು ನೋಡಿದರು. ನೂರಾ ಮೂವತ್ತಾರು, ಎಂಬತ್ನಾಲ್ಕು. ನಿನಗೆ ಏನು ಬೇಕು ಎಂದು ಸಾಹುಕಾರ ಕೇಳಿದ.

“ನನಗ ಅಡಿಗಿಮನಿ ಬೇಕ್ರಿ,” ಎಂದಳು. “ಸಣ್ಣ ಆಗತೀನಿ ಅಂತ ಮಾತು ಕೊಟ್ಟು ಅದನ್ನ ಇಸಗೊಳ್ಳಾಂಗಿಲ್ಲ. ಇದ್ದಂಗ ಕೊಡ್ರಿ.”

ಹೊರಗೆ ಕಾಯಲು ಹೇಳಿದರು. ಆಕೆ ಹೊರಗೆ ಬಂದು ಜಗುಲಿಯ ಮೇಲೆ ಕುಳಿತಳು. ಒಳಗೆ ಬಾಗಿಲು ಹಾಕಿಕೊಂಡರು.

ಟ್ರಸ್ಟು ಏನು ತೀರ್ಮಾನಿಸಿತು ಎಂದು ಹೇಳುತ್ತೇನೆ. ಅದಕ್ಕೆ ಮೊದಲು ನಿಮ್ಮ ತೀರ್ಮಾನ ಕೇಳಬೇಕಾಗಿದೆ, ಏಕೆಂದರೆ ಆ ಲಾಡಿ ಕಾಂಪೌಂಡರ ಚೀಲದಲ್ಲಿ ಮಾತ್ರ ಇಲ್ಲ.

ದೇಹ ನಶ್ವರ ಎಂದು ನಾನು ಇಲ್ಲಿ ಹೇಳಿದಾಗ ನೀವೆಲ್ಲ ತಲೆದೂಗುತ್ತೀರಿ. ನಿನ್ನೆಯೂ ತೂಗಿದಿರಿ. ಅದೇ ನೀವು ಇಲ್ಲಿಂದ ಎದ್ದು ಮದುವೆ ಮನೆಗೆ ಹೋಗಿ, ಎರಡು ವರ್ಷದ ಮೇಲೆ ಕಂಡ ನಾದಿನಿಗೆ ಮೊದಲ ಮಾತು ಏನು ಹೇಳುತ್ತೀರಿ? ಎಷ್ಟ ದಪ್ಪ ಆಗೀಯಲ್ಲ ಎನ್ನುತ್ತೀರಿ. ನಶ್ವರವಾದದ್ದು ಸ್ವಲ್ಪ ಹೆಚ್ಚಿದ್ದರೆ ನಿಮಗೇನು ಅಷ್ಟು ಚಿಂತೆ? ಅವಳು ಆ ಎರಡು ವರ್ಷದಲ್ಲಿ ಏನು ಕಳೆದುಕೊಂಡಳು, ಏನು ಪಡೆದಳು, ನಿದ್ದೆ ಬರುತ್ತಿದೆಯೇ, ಯಾವುದನ್ನೂ ಕೇಳಲಿಲ್ಲ. ನಿಮ್ಮ ಕಣ್ಣು ಸೊಂಟದ ಹತ್ತಿರ ನಿಂತುಬಿಟ್ಟಿತು, ಮುಖದವರೆಗೂ ಏರಲೇ ಇಲ್ಲ. ಕನ್ನಡಿಯಲ್ಲಿ ತಮ್ಮನ್ನು ದಿನವೂ ನೋಡಿಕೊಳ್ಳುವವರಿಗೆ ತಾವು ದಪ್ಪ ಎಂಬುದು ನೀವು ತಂದುಕೊಟ್ಟ ಸುದ್ದಿಯಲ್ಲ.

ಒಳ್ಳೆಯದಕ್ಕೇ ಹೇಳಿದೆ ಎನ್ನುತ್ತೀರಿ. ನೋಡಿ, ಒಳ್ಳೆಯದಕ್ಕೆ ಹೇಳುವವರು ಮೊದಲು ಕೇಳುತ್ತಾರೆ. ಆ ನರ್ಸಮ್ಮ ಟೇಪು ತೆಗೆದಳು. ಆಮೇಲೆ ಮಾತಾಡಿದಳು. ಊರಿನವರು ಮಾತಾಡಿದರು, ಟೇಪು ತೆಗೆಯಲೇ ಇಲ್ಲ. ಇನ್ನೊಬ್ಬರ ಮೈ ಎಂದರೆ ಅವರು ಅದರೊಳಗೆ ಇದ್ದುಕೊಂಡು ಬದುಕುತ್ತಿರುವ ಮನೆ. ಹೊರಗೆ ನಿಂತವರಿಗೆ ಗೋಡೆ ಕಾಣುತ್ತದೆ. ಒಳಗೆ ಎಲ್ಲಿ ಬೆಳಕಿದೆ, ಎಲ್ಲಿ ಸೋರುತ್ತದೆ ಎಂಬುದು ಒಳಗಿದ್ದವರಿಗೇ ಗೊತ್ತು. ಗೋಡೆಯ ದಪ್ಪ ನೋಡಿ ಒಳಗಿನವರು ಸೋಮಾರಿಗಳು ಎಂದು ತೀರ್ಪು ಕೊಡುವುದು ಯಾವ ಧರ್ಮ?

ಹಾಗಾದರೆ ಏನು ಮಾಡಬೇಕು? ದೊಡ್ಡದೇನಲ್ಲ. ಈಗ ಇನ್ನು ಸ್ವಲ್ಪ ಹೊತ್ತಿಗೆ ಪ್ರಸಾದಕ್ಕೆ ಕುಳಿತುಕೊಳ್ಳುತ್ತೀರಿ. ಪಕ್ಕದವರ ಎಲೆ ನೋಡಬೇಡಿ. ಬಡಿಸುವವರು ಒಬ್ಬರಿಗೆ ಸಾಕೇ ಎಂದೂ ಇನ್ನೊಬ್ಬರಿಗೆ ಬೇಕೇ ಎಂದೂ ಕೇಳಬೇಡಿ, ಎಲ್ಲರಿಗೂ ಒಂದೇ ಮಾತು ಕೇಳಿ. ದಪ್ಪಗಿದ್ದವರನ್ನು ಡುಮ್ಮ, ಆನೆ, ದಪ್ಪವ್ವ ಎಂದು ಕರೆಯುವ ಬಾಯಿಯನ್ನು ಇಂದೇ ತಿದ್ದಿಕೊಳ್ಳಿ. ಅವರ ತಂದೆತಾಯಿ ಹೆಸರಿಟ್ಟಿದ್ದಾರೆ, ಅದನ್ನು ಕೇಳಿ ತಿಳಿದುಕೊಳ್ಳಿ. ನಿಮ್ಮ ಮನೆಯ ಮಗಳು ಎರಡನೆಯ ರೊಟ್ಟಿಗೆ ಕೈ ಚಾಚಿದಾಗ ಅವಳ ಕೈಯನ್ನು ನೋಡುವ ಆ ನೋಟ ಇದೆಯಲ್ಲ, ಮಾತಿಲ್ಲದ ನೋಟ, ಅದನ್ನು ಬಿಡಿ. ಯಾರಾದರೂ ತಮಗೆ ನೋವು ಎಂದರೆ ನೋವಿನ ಬಗ್ಗೆ ಕೇಳಿ, ತೂಕದ ಬಗ್ಗೆ ಅಲ್ಲ. ಮನೆಗೆ ಬಂದವರು ನಿಂತೇ ಮಾತಾಡಿದರೆ, ಕೈಯಿಲ್ಲದ ಒಂದು ಆಸನ ತಂದು ಹಾಕಿ, ಕಾರಣ ಹೇಳಬೇಡಿ. ಡಾಕ್ಟರುಗಳು, ದಾದಿಯರು, ಟೇಲರುಗಳು, ಟಂಟಂ ಓಡಿಸುವವರು ಈ ಸಭೆಯಲ್ಲಿ ಇದ್ದೀರಿ. ನಿಮ್ಮ ಅಳತೆಗೆ ಮನುಷ್ಯ ಹೊಂದದಿದ್ದಾಗ ಲಾಡಿ ಹುಡುಕಬೇಡಿ. ಬೇರೆ ಅಳತೆ ತನ್ನಿ.

ದಪ್ಪಗಿರುವವರೂ ಈ ಸಭೆಯಲ್ಲಿ ಇದ್ದೀರಿ. ನಿಮಗೆ ಒಂದೇ ಮಾತು. ಎಲ್ಲರಿಗಿಂತ ಮೊದಲು ನೀವೇ ನಗುವುದನ್ನು ನಿಲ್ಲಿಸಿ. ಅವರು ನಗುವುದಾದರೆ ತಾವಷ್ಟೇ ನಗಲಿ. ಅದೆಷ್ಟು ಹೊತ್ತು ನಡೆಯುತ್ತದೋ ನೋಡೋಣ.

ಇನ್ನು ಟ್ರಸ್ಟಿನ ತೀರ್ಮಾನ. ಬಾಗಿಲು ಹಾಕಿಕೊಂಡು ಒಂದು ಗಂಟೆ ಹತ್ತು ನಿಮಿಷ ಮಾತಾಡಿದರು. ನೋಟಿಸು ಹಿಂದಕ್ಕೆ ಪಡೆಯಬೇಕೆಂದು ಮೂವರು, ಬಿದ್ದದ್ದಂತೂ ನಿಜ, ಆದ್ದರಿಂದ ಪಡೆಯಬಾರದೆಂದು ಮೂವರು. ಏಳನೆಯ ಮತ ಸಾಹುಕಾರನದು. ಅವನು ಹಿಂದಕ್ಕೆ ಪಡೆಯಬೇಕು ಎಂದ, ಕಾರಣ ಹೇಳಲಿಲ್ಲ. ಮಂಗಳವಾರ ಬೆಳಗಿನ ನಾಲ್ಕೂವರೆಗೆ ಮುರಿಗೆವ್ವ ಒಲೆ ಹೊತ್ತಿಸಿದಳು. ಎಡಗೈ ಇನ್ನೂ ಪೂರ್ತಿ ಮಡಚುತ್ತಿರಲಿಲ್ಲ, ಪಾತ್ರೆಯನ್ನು ಅಂದು ಬೇರೆ ಇಬ್ಬರು ಇಳಿಸಿದರು. ಆರೂವರೆಗೆ ಗಂಟೆ ಹೊಡೆಯಿತು. ನೂರೆಪ್ಪತ್ತು ಹುಡುಗರು ಉಪ್ಪಿಟ್ಟಿಗೆ ಕುಳಿತರು.